ರೈಟ್ ಆಫ್ ಆದ ಮಾತ್ರೆ

ರಾಯರು ಬ್ಯಾಂಕು ಬಿಟ್ಟು ಹದಿಮೂರು ವರ್ಷವಾಯಿತು; ಬ್ಯಾಂಕು ಮಾತ್ರ ರಾಯರನ್ನು ಬಿಟ್ಟಿಲ್ಲ. ಹಾಲಿನವನಿಗೆ ಕೊಟ್ಟ ದುಡ್ಡಿಗೂ ಚೀಟಿ ಬರೆಸಿಕೊಳ್ಳುವ, ಚಿಲ್ಲರೆ ಡಬ್ಬಿ ಟ್ಯಾಲಿ ಆಗದಿದ್ದರೆ ರಾತ್ರಿ ಊಟಕ್ಕೇಳದ ಈ ಬಗೆಯ ಅಪ್ಪಂದಿರು ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಬಿಪಿ, ಶುಗರ್, ಥೈರಾಯ್ಡ್ ಮೂರೂ ಸೇರಿಕೊಂಡವೆಂದರೆ ಅವರಿಗೆ ಹೊಸದೊಂದು ಖಾತೆ ತೆರೆದ ಹುರುಪು. ಬೇಸಿಗೆ ಬಂತೆಂದರೆ ಇಂಥವರಲ್ಲಿ ಒಬ್ಬಿಬ್ಬರು, ಝೈಸ್ ಕಂಪನಿಯಲ್ಲೋ ಯೂನಿವರ್ಸಿಟಿಯಲ್ಲೋ ಇರುವ ಮಗನ ಮನೆಗೆಂದು ಜರ್ಮನಿಯ ಯೇನಾಕ್ಕೂ ಬಂದಿಳಿಯುತ್ತಾರೆ.

ವೀಸಾ 90 ದಿನದ್ದು. ರಾಯರು ತಂದ ಮಾತ್ರೆ 100 ದಿನದ್ದು. ಹತ್ತು ದಿನದ್ದು ‘ರಿಸರ್ವ್’. ಸೊಸೆ ಕೇಳಿದ್ದ ಚಟ್ನಿಪುಡಿ, ಹುರಿಗಾಳು ದೊಡ್ಡ ಪೆಟ್ಟಿಗೆಯಲ್ಲಿ. ಮಾತ್ರೆ, ಡಾಕ್ಟರ ಚೀಟಿ, ಔಷಧಿ ಅಂಗಡಿಯ ಬಿಲ್ಲು ಕೈಚೀಲದಲ್ಲಿ. ಇದರಲ್ಲಿ ರಾಯರನ್ನು ಮೆಚ್ಚಲೇಬೇಕು. ಪೆಟ್ಟಿಗೆ ಎಲ್ಲಾದರೂ ತಪ್ಪಿಹೋದರೆ ಚಟ್ನಿಪುಡಿ ಇಲ್ಲದೆ ಬದುಕಬಹುದು. ಸ್ವಂತ ಬಳಕೆಗೆ ಸುಮಾರು ಮೂರು ತಿಂಗಳಿಗಾಗುವಷ್ಟು ತರಬಹುದೆಂದು ಮಗ ಹೇಳಿದ್ದ. ಮಿಕ್ಕ ಹತ್ತು ದಿನದ್ದನ್ನು ಮುಚ್ಚಿಡಲು ಮನಸ್ಸೊಪ್ಪದೆ, ಫ್ರಾಂಕ್‌ಫರ್ಟಿನ ಕಸ್ಟಮ್ಸಿನವರ ಮುಂದೆ ತಾವಾಗಿಯೇ ಹೋಗಿ ಪಟ್ಟಿ ಒಪ್ಪಿಸಿದರು. ಅಧಿಕಾರಿ ನೋಡಿ, ನಕ್ಕು, ಹೋಗಿ ಎಂದು ಕೈ ತೋರಿಸಿದ. ರಾಯರಿಗೆ ಈಗಲೂ ಅಸಮಾಧಾನ: “ಸೀಲ್ ಹಾಕಿಕೊಡಲಿಲ್ಲ.”

ಮೊದಲ ಗಲಾಟೆ ಗಡಿಯಾರದ್ದು. ರಾಯರ ಕೈಗಡಿಯಾರ ಬೆಂಗಳೂರಿನ ಸಮಯವನ್ನೇ ತೋರಿಸುತ್ತಿತ್ತು, ಮಾತ್ರೆಯೂ ಅದರ ಪ್ರಕಾರವೇ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಆರಕ್ಕೆ, ಖಾಲಿ ಹೊಟ್ಟೆಯಲ್ಲಿ. ಅರ್ಧ ಗಂಟೆ ಬಿಟ್ಟು ಕಾಫಿ. ಬೇಸಿಗೆಯಲ್ಲಿ ಯೇನಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಲೋಬೆಡಾ ಬಡಾವಣೆಯ ಎತ್ತರದ ಕಟ್ಟಡದಲ್ಲಿ ರಾತ್ರಿ ಎರಡೂವರೆಗೆ ದೀಪ ಹತ್ತುತ್ತಿತ್ತು, ಮೂರಕ್ಕೆ ಫಿಲ್ಟರಿನ ಮೇಲೆ ಚಮಚ ಬಡಿಯುವ ಸದ್ದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸೀನಲೂ ಯೋಚಿಸುವ ಕೆಳಮನೆಯವರು ನಾಲ್ಕನೇ ದಿನ ಬಾಗಿಲಿಗೆ ಚೀಟಿ ಅಂಟಿಸಿದರು.

“ಮಾವ, ಶುಗರ್ ಮಾತ್ರೆ ಯಾವಾಗ ತಗೋಬೇಕು?” ಸೊಸೆ ಕೇಳಿದಳು.

“ಊಟದ ಜೊತೆ.”

“ಊಟ ಎಲ್ಲಿ ಮಾಡ್ತೀರಿ?”

“ಇಲ್ಲೇ.”

“ಹೊಟ್ಟೆ ಯೇನಾದಲ್ಲಿ, ಗಡಿಯಾರ ಜಯನಗರದಲ್ಲಿ ಅಂದ್ರೆ ಹೇಗೆ ಮಾವ?”

ರಾಯರು ಯೋಚಿಸಿದರು. ಬ್ರ್ಯಾಂಚ್ ವರ್ಗವಾದ ಮೇಲೆ ಹಳೇ ಬ್ರ್ಯಾಂಚಿನ ಕೆಲಸದ ವೇಳೆ ನಡೆಯುವುದಿಲ್ಲ ಎಂಬ ತತ್ತ್ವ ಅವರಿಗೆ ಗೊತ್ತಿದ್ದದ್ದೇ. ಊರಿನ ಡಾಕ್ಟರಿಗೆ ಫೋನ್ ಮಾಡಿ, ಯಾವುದನ್ನು ಎಷ್ಟು ಸರಿಸಬೇಕೆಂದು ಕೇಳಿಕೊಂಡು ಗಡಿಯಾರ ತಿರುಗಿಸಿದರು.

ಎರಡನೆಯದು ಲೆಕ್ಕದ ಪುಸ್ತಕದ ಗಲಾಟೆ. ಉದ್ದನೆಯ ಪುಸ್ತಕ, ಓಪನಿಂಗ್ ಬ್ಯಾಲೆನ್ಸ್, ಖರ್ಚು, ಕ್ಲೋಸಿಂಗ್ ಬ್ಯಾಲೆನ್ಸ್ ಎಂದು ಕೆಂಪು ಗೆರೆ ಎಳೆದ ಕಾಲಮ್ಮುಗಳು. ತಿಂಗಳ ಕೊನೆಗೆ ರಾಯರು ಹಾಸಿಗೆಯ ಮೇಲೆ ಪಂಚೆ ಹರಡಿ, ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನು ಸುರಿದು, ಐದೈದರ ಲೆಕ್ಕದಲ್ಲಿ ಎಣಿಸಿದರು. ಬಿಪಿಯದು ಒಂದು ಹೆಚ್ಚು. ಮತ್ತೆ ಎಣಿಸಿದರು. ಒಂದು ಹೆಚ್ಚೇ. ದಿಂಬಿನಡಿ ನೋಡಿದರು, ಪುಸ್ತಕದ ಕೂಡುಲೆಕ್ಕ ನೋಡಿದರು, ಮೊಮ್ಮಗನನ್ನು ವಿಚಾರಣೆಗೆ ಕರೆದರು. ಎಲ್ಲೋ ಒಂದು ದಿನ ನುಂಗದೆ ಬಿಟ್ಟದ್ದು ಖಚಿತವಾಯಿತು. ನೀರಿನ ಲೋಟ ತರಿಸಿದರು.

“ಈಗ ತಾನೇ ತಗೊಂಡ್ರಲ್ಲ ಮಾವ!”

“ಅದು ಇವತ್ತಿಂದು ಕಣಮ್ಮ. ಇದು ಬಾಕಿ. ನುಂಗಿಬಿಟ್ರೆ ಟ್ಯಾಲಿ.”

ಸೊಸೆ ಲೋಟ ಕಸಿದುಕೊಂಡಳು. ಮರೆತ ಮಾತ್ರೆಗೆ ಬದಲು ಎರಡು ನುಂಗಬೇಡಿ ಎಂದು ಔಷಧಿ ಪೆಟ್ಟಿಗೆಯೊಳಗಿನ ಹಾಳೆಗಳೆಲ್ಲ ಬಡಕೊಳ್ಳುತ್ತವೆ. ಬಿಪಿ ಮಾತ್ರೆ ಎರಡಾದರೆ ರಕ್ತದೊತ್ತಡ ಇಳಿದು, ತಲೆ ಸುತ್ತಿ, ರಾಯರೇ ನೆಲದ ಮೇಲೆ ಟ್ಯಾಲಿ ಆದಾರು. ಇದನ್ನೆಲ್ಲ ವಿವರಿಸಿದರೂ ಅವರ ಮುಖದ ಗಂಟು ಸಡಿಲಲಿಲ್ಲ. ಕೊನೆಗೆ ಅವಳು ಅವರದೇ ಭಾಷೆಗಿಳಿದಳು: “ಅದನ್ನ ಎನ್‌ಪಿಎ ಅಂತ ಬರ್ಕೊಂಡು ರೈಟ್ ಆಫ್ ಮಾಡಿ ಮಾವ.”

ಸರ್ವೀಸಿನಲ್ಲಿ ಒಂದು ಎಮ್ಮೆ ಸಾಲವನ್ನೂ ರೈಟ್ ಆಫ್ ಮಾಡದ ರಾಯರು ಅಂದು ರಾತ್ರಿ ನಡುಗುವ ಕೈಯಲ್ಲಿ ಸಹಿ ಹಾಕಿದರು.

ಮೂರನೆಯ ಸಲ ಕೈಕೊಟ್ಟದ್ದು ಅವರ ಅಚ್ಚುಕಟ್ಟುತನವೇ. ವಾರದ ಏಳು ದಿನಕ್ಕೆ ನಾಲ್ಕು ನಾಲ್ಕು ಗೂಡಿರುವ ಡಬ್ಬಿ ಸಿಕ್ಕಿತೆಂದು ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ಪಿನಿಂದ ಒತ್ತಿ ತೆಗೆದು ತುಂಬಿ, ಹಲ್ಲುಜ್ಜುವಾಗಲೇ ಕಣ್ಣಿಗೆ ಬೀಳಲೆಂದು ಬಚ್ಚಲುಮನೆಯಲ್ಲಿಟ್ಟರು. ಬಿಪಿಯ ಟೆಲ್ಮಿಸಾರ್ಟಾನ್ ತೇವ ಹೀರುವ ಮಾತ್ರೆ, ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್ಪಿನಿಂದ ತೆಗೆಯಬೇಕಾದದ್ದು. ಮನೆಮಂದಿಯ ಬಿಸಿನೀರಿನ ಹಬೆಗೆ ಅದು ವಾರದಲ್ಲೇ ಮೆತ್ತಗಾಯಿತು.

ಕೆಂಪು ‘ಎ’ ಅಕ್ಷರದ ಬೋರ್ಡು ನೋಡಿಕೊಂಡು ಔಷಧಿ ಅಂಗಡಿಗೆ ಹೋದರು. ಊರಿನಲ್ಲಾದರೆ “ನಮ್ಮ ಬಿಳಿ ಉದ್ದದ್ದು ಹತ್ತು ಕೊಡಪ್ಪ” ಎಂದರೆ ಅಂಗಡಿಯ ಹುಡುಗ ಕತ್ತರಿ ತೆಗೆಯುತ್ತಿದ್ದ. ಆ ಕತ್ತರಿಗೆ ಸಿಕ್ಕ ಸ್ಟ್ರಿಪ್ಪಿನ ತುಂಡನ್ನೇ ರಾಯರು ಕೌಂಟರಿನ ಮೇಲಿಟ್ಟರು. ಹೆಸರಿನ ಅರ್ಧ ಹೋಗಿತ್ತು, ಎಕ್ಸ್‌ಪೈರಿ ತಾರೀಖು ಪೂರ್ತಿ ಹೋಗಿತ್ತು. ಬಿಲ್ಲಿನಲ್ಲಿದ್ದ ನಮ್ಮ ದೇಶದ ಬ್ರ್ಯಾಂಡ್ ಹೆಸರು ಅಂಗಡಿಯಾಕೆಗೆ ಗೊತ್ತಿಲ್ಲ. ಒಳಗಿರುವ ಔಷಧಿ ಯಾವುದು ಎಂದಳು. ಸೊಸೆ ಖಾಲಿಯಾದ ಇಡೀ ಸ್ಟ್ರಿಪ್ಪೊಂದನ್ನು ಹುಡುಕಿ, ಫೋಟೋ ತೆಗೆದು, ಸಣ್ಣಕ್ಷರ ಹಿಗ್ಗಿಸಿ ತೋರಿಸಿದ ಮೇಲೆ ಆಕೆಯ ಮುಖ ಅರಳಿತು. ಟೆಲ್ಮಿಸಾರ್ಟಾನ್ ಹುಟ್ಟಿದ್ದೇ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿಯಲ್ಲಿ. ಮಾತ್ರೆಯ ತವರಿಗೇ ಬಂದಿದ್ದರೂ ಇಲ್ಲಿಯ ಡಾಕ್ಟರ ಚೀಟಿ ಇಲ್ಲದೆ ಒಂದೂ ಸಿಗಲಿಲ್ಲ. “ಡಾಕ್ಯುಮೆಂಟೇಶನ್ ಅಂದ್ರೆ ಇದು!” ಎಂದು ರಾಯರು ಬರಿಗೈಯಲ್ಲಿ, ತುಂಬು ಗೌರವದಿಂದ ಹೊರಬಂದರು.

ಡಾಕ್ಟರ ಹತ್ತಿರ ಚೀಟಿಯ ಜೊತೆಗೆ ಇನ್ನೊಂದು ನಿಧಿ ಕಂಡಿತು. ಮೂರು ಅಥವಾ ಹೆಚ್ಚು ಔಷಧಿ ನಡೆಯುತ್ತಿರುವ ಇಲ್ಲಿಯ ಶಾಸನಬದ್ಧ ವಿಮೆಯ ರೋಗಿಗಳಿಗೆ 2016ರ ಅಕ್ಟೋಬರಿನಿಂದ ಒಂದು ಔಷಧಿ ಪಟ್ಟಿ ಕೇಳಿ ಪಡೆಯುವ ಹಕ್ಕಿದೆ. ಔಷಧಿಯ ಮೂಲ ಹೆಸರು, ಮಾರಾಟದ ಹೆಸರು, ಎಷ್ಟು ಮಿಲಿಗ್ರಾಂ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಎಷ್ಟೆಷ್ಟು, ಕೊನೆಯಲ್ಲಿ ಯಾಕೆ ಎಂಬ ಕಾರಣ. “ನರೇಶನ್ ಕಾಲಮ್ಮೂ ಇದೆಯಲ್ಲ!” ರಾಯರ ಕಣ್ಣು ತುಂಬಿತು. ಆ ಹಕ್ಕು ಪ್ರವಾಸಿಗಿಲ್ಲ. ಆದರೂ ಮನೆಗೆ ಬಂದು ಸ್ಕೇಲು ಹಿಡಿದು ಅದೇ ನಮೂನೆ ಬರೆದರು. ‘ಬಿಳಿ ಉದ್ದ’, ‘ಬಿಳಿ ಗುಂಡು’ ಎಂಬ ಖಾತೆಗಳಿಗೆ ಆವತ್ತು ನಾಮಕರಣವಾಯಿತು. ಡಬ್ಬಿ ಮೊಮ್ಮಗನ ಕೈಗೆಟುಕದ ಕಪಾಟಿಗೆ ಹೋಯಿತು. ಒಂದು ಪ್ರತಿ ಪರ್ಸಿನಲ್ಲಿ, ಒಂದು ಫ್ರಿಜ್ಜಿನ ಬಾಗಿಲಲ್ಲಿ.

ಊರು ತೋರಿಸಲು ಮಗ ಕರೆದೊಯ್ದರೆ 1926ರ ಪ್ಲಾನೆಟೇರಿಯಮ್ಮಿಗೆ ಆಕಳಿಸಿದ ರಾಯರು ಹೂಫೆಲಾಂಡ್ ಹೆಸರಿಗೆ ಕಿವಿ ನಿಮಿರಿಸಿದರು. ಕವಿಗಳಾದ ಗಯಟೆ, ಶಿಲ್ಲರ್‌ಗಳಿಗೆ ಔಷಧಿ ಕೊಟ್ಟ ಈ ವೈದ್ಯ 1793ರಿಂದ ಯೇನಾದಲ್ಲಿ ಪ್ರೊಫೆಸರಾಗಿದ್ದು, ದೀರ್ಘಾಯುಷ್ಯದ ಕಲೆಯ ಬಗ್ಗೆ 1797ರಲ್ಲಿ ಪುಸ್ತಕವನ್ನೇ ಬರೆದವನು.

“ಎಷ್ಟು ವರ್ಷ ಬದುಕಿದ್ದ?”

“74.”

“ನನಗೆ 73. ಟಾರ್ಗೆಟ್ ರೀಚ್ ಆಗಬಹುದು.”

ಈಗ ರಾಯರು ಸಂಜೆ ಸಾಲೆ ನದಿಯ ಪಕ್ಕದ ಪಾರಡೀಸ್ ಪಾರ್ಕಿನ ಬೆಂಚಿನಲ್ಲಿ ಸಿಗುತ್ತಾರೆ. ಮಕ್ಕಳ ಮನೆಗೆ ಬಂದ ಹಿರಿಯರೆಲ್ಲ ಅಲ್ಲಿ ಸೇರುತ್ತಾರೆ. ರಾಯರು ಅವರವರ ಪಟ್ಟಿ ಬರೆದುಕೊಡುತ್ತಾರೆ. ಮೊನ್ನೆ ದಾವಣಗೆರೆ ಕಡೆಯ ಹಿರಿಯರೊಬ್ಬರ ಎರಡು ಸ್ಟ್ರಿಪ್ಪುಗಳನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಇಬ್ಬರು ಬೇರೆ ಬೇರೆ ಡಾಕ್ಟರು ಬರೆದದ್ದು, ಬ್ರ್ಯಾಂಡು ಬೇರೆ, ಬಣ್ಣ ಬೇರೆ. ಸಣ್ಣಕ್ಷರದಲ್ಲಿ ಎರಡೂ ಮೆಟ್ಫಾರ್ಮಿನ್.

“ಒಂದೇ ಪಾರ್ಟಿಗೆ ಎರಡು ಖಾತೆ ಸ್ವಾಮೀ!”

ಹಿರಿಯರು ಗಾಬರಿಯಾದರು. “ಹಂಗಾದ್ರ ಒಂದನ್ನ ಇವತ್ತಿಂದಾನ ಬಿಟ್ಬಿಡ್ಲೇನ್ರಿ?”

“ತಡೀರಿ, ತಡೀರಿ. ಖಾತೆ ಮುಚ್ಚೋ ಪವರ್ ಬ್ರ್ಯಾಂಚಿಗಿಲ್ಲ. ನಿಮ್ಮ ಡಾಕ್ಟರಿಗೆ ಈಗಲೇ ಫೋನ್ ಹಚ್ಚಿ, ಹೆಡ್ ಆಫೀಸ್ ಆರ್ಡರ್ ಬರಲಿ. ನಾನು ಬರೀ ಆಡಿಟರು.”