ಬಂದರಿನ ನಿಯಮಾವಳಿ ಸಾಹೇಬರ ಸನ್ನಿಧಾನಕ್ಕೆ

ಪರಮಪೂಜ್ಯ ಜಲಕ್ರೀಡಾ ನಿಯಮಾವಳಿ ಸಾಹೇಬರಿಗೆ,
ಖಾಯಂ ವಿಳಾಸ: ಕಪಾಟಿನೊಳಗಿನ ಕಡತ, ಕರಾವಳಿಯ ಬಂದರುಗಳು.

ನವಲಗುಂದ ತಾಲ್ಲೂಕಿನ ಎರಿ ಹೊಲದ ಬದುವಿನಿಂದ ಸಾವಿರದ ಶರಣಾರ್ಥಿಗಳು. ಇತ್ತ ಕಡೆ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ಬಲ್ಲೆ. ಬಿಸಿಲಿಗೆ ಬಾರದೆ, ಉಪ್ಪುಗಾಳಿ ಸೋಕದೆ, ಒಮ್ಮೆಯೂ ದೋಣಿ ಹತ್ತದೆ ಇರುವವರ ಕ್ಷೇಮಕ್ಕೆ ಏನು ಕೊರತೆ?

ಬಂದರೇ ಇಲ್ಲದ ಜಿಲ್ಲೆಯವನು ಬಂದರಿನ ಕಾನೂನಿಗೆ ಯಾಕೆ ಕಾಗದ ಬರೆಯುತ್ತಾನೆ ಎಂದು ತಾವು ಸಿಟ್ಟಾಗಬಾರದು. ನಮಗೂ ತಮಗೂ ನೀರಿನ ನಂಟಿದೆ. ಕಲಘಟಗಿ ಕಡೆ ಬೇಡ್ತಿ ಅನ್ನಿಸಿಕೊಳ್ಳುವ ಹೊಳೆಯೇ ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರು ಹೊತ್ತು, ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ಅದರ ಬೆನ್ನಿಗೇ ನಾವೂ ಇಳಿಯುತ್ತೇವೆ. ಕಡಲೆ ಒಕ್ಕಣೆ ಆಗಿ, ಮಕ್ಕಳ ಪರೀಕ್ಷೆ ಮುಗಿದರೆ ಸಾಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕ್ರೂಸರ್ ಗಾಡಿಗಳು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಮೇತ ಕಾರವಾರ, ಗೋಕರ್ಣ, ಹೊನ್ನಾವರ, ಮುರ್ಡೇಶ್ವರದ ದಾರಿ ಹಿಡಿಯುತ್ತವೆ. ತಮ್ಮ ಸೀಮೆಯಲ್ಲಿ ಹೊಸದಾಗಿ ತಲೆ ಎತ್ತಿರುವ ಸ್ಪೀಡ್ ಬೋಟು, ಜೆಟ್ ಸ್ಕೀ, ಬನಾನಾ ಬೋಟು, ಕಯಾಕುಗಳ ಗಲ್ಲಾ ತುಂಬಿಸುವವರಲ್ಲಿ ಬಯಲುಸೀಮೆಯ ನಾವೂ ಇದ್ದೇವೆ. ಹಾಗಾಗಿ ತಮ್ಮ ಭಕ್ತರೆಂದು ಹೇಳಿಕೊಳ್ಳುವ ಹಕ್ಕು ನಮಗೂ ಇದೆಯೆಂದು ತಿಳಿದಿದ್ದೇನೆ.

ನಮಗೆ ಈಜು ಬರುವುದಿಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಬೆನ್ನಿಗೆ ಕುಂಬಳಕಾಯಿ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ತಲೆಮಾರು ಆಗಿಹೋಯಿತು. ಬಾವಿ ಬತ್ತಿ ಬೋರ್‌ವೆಲ್ ಬಂತು. ಬೋರ್‌ವೆಲ್ಲಿನಲ್ಲಿ ಈಜು ಕಲಿಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ದೋಣಿಯೆಂದರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದು ಬೆಣ್ಣಿಹಳ್ಳ ಉಕ್ಕಿ ಹೊಲ, ದಾರಿ ಒಂದಾದಾಗ ಅಗ್ನಿಶಾಮಕ ದಳದವರು ತರುವ ರಬ್ಬರ್ ದೋಣಿ. ಅದಕ್ಕೆ ಟಿಕೆಟ್ ಇಲ್ಲ, ಫೋಟೊ ಪ್ಯಾಕೇಜ್ ಇಲ್ಲ. ಇಂಥ ನಾವು ತಮ್ಮ ಧಕ್ಕೆಗೆ ಬಂದು, ಮುಂದಿದ್ದವನು ಹತ್ತಿದ ದೋಣಿಯನ್ನೇ ಹತ್ತಿ, ಅವನು ಕೂತ ಹಾಗೇ ಕೂತುಬಿಡುತ್ತೇವೆ. ಅಂಥವರನ್ನು ಕಾಯುವ ಭಾರ ತಮ್ಮದೆಂದು ನಂಬಿದ್ದೇವೆ. ನಂಬುವುದು ನಮ್ಮ ಚಾಳಿ, ಕ್ಷಮೆಯಿರಲಿ.

ತಮ್ಮ ವಂಶ ದೊಡ್ಡದು ಎಂದು ಓದಿ ಧನ್ಯನಾದೆ. ಬಂದರು ಕಾಯ್ದೆ 1908ರಷ್ಟು ಹಳೆಯದಾಗಿತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಒಳನಾಡಿನ ದೋಣಿಗಳ ಕಾಯ್ದೆ 1917ರದು. ಅದರ ಜಾಗಕ್ಕೆ 2021ರ ಹೊಸ ಕಾಯ್ದೆ ಬಂತು. ರಾಜ್ಯದ ಮಾರಿಟೈಮ್ ಬೋರ್ಡಿಗೆಂದು 2015ರ ಕಾಯ್ದೆ ಬೇರೆ. ಇವುಗಳ ಜೊತೆಗೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಗಳು, ಜಿಲ್ಲಾಧಿಕಾರಿಗಳ ಆದೇಶಗಳು, ಪ್ರವಾಸೋದ್ಯಮ ಇಲಾಖೆಯ ಸುತ್ತೋಲೆಗಳು. 2021ರ ಕಾಯ್ದೆ ನೋಂದಣಿ ಬೇಕು ಅನ್ನುತ್ತದೆ, ದೋಣಿಯ ತಪಾಸಣೆ ಬೇಕು ಅನ್ನುತ್ತದೆ, ನಡೆಸುವವನಿಗೆ ಅರ್ಹತಾಪತ್ರ ಬೇಕು, ವಿಮೆ ಬೇಕು ಅನ್ನುತ್ತದೆ. ಎಂಜಿನ್ ಇಲ್ಲದ ದೋಣಿಗಳನ್ನು ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲೇ ದಾಖಲಿಸಲೂ ದಾರಿ ಮಾಡಿಕೊಟ್ಟಿದೆ. ಎಷ್ಟು ಚೆಂದದ ಬರಹ! ಓದುತ್ತಾ ಹೋದರೆ ನೀರಲ್ಲಿ ಬಿದ್ದವನು ಮುಳುಗುವುದೇ ಅಸಾಧ್ಯ ಅನ್ನಿಸುತ್ತದೆ. ಆದರೆ ಇಷ್ಟು ದೊಡ್ಡ ಮನೆತನದಲ್ಲಿ ಧಕ್ಕೆಯ ಮೇಲೆ ನಿಂತು ದೋಣಿ ಹತ್ತುವವರ ತಲೆ ಎಣಿಸಲು ಒಬ್ಬರನ್ನಾದರೂ ಕಳಿಸುವಷ್ಟು ಪುರುಸೊತ್ತು ಯಾರಿಗೂ ಸಿಗದಿರುವುದು ನಮ್ಮ ದುರದೃಷ್ಟ.

ಒಮ್ಮೆ ಮನೆಮಂದಿಯೊಡನೆ ಕರಾವಳಿಯ ಒಂದು ಬಂದರಿನಲ್ಲಿ ತಮ್ಮ ದರ್ಶನಕ್ಕೆ ಬಂದಿದ್ದೆ. ತಮ್ಮ ಫಲಕ ಸಿಕ್ಕಿತು. ಕಂಬ ನೇರವಾಗಿತ್ತು, ತಗಡು ಗಟ್ಟಿಯಾಗಿತ್ತು; ಅರ್ಧ ಅಕ್ಷರಗಳನ್ನು ಮಾತ್ರ ಉಪ್ಪುಗಾಳಿ ತಿಂದಿತ್ತು. ಉಳಿದ ಅರ್ಧಕ್ಕೆ ದರಪಟ್ಟಿಯ ಫ್ಲೆಕ್ಸ್ ಹೊದಿಸಿದ್ದರು. ದುಡ್ಡು ಕೊಡಲು ಸ್ಕ್ಯಾನರ್ ಇತ್ತು, ರಸೀದಿ ಕೇಳಿದರೆ “ಮೊಬೈಲಲ್ಲೇ ಬಂತಲ್ಲ ಸರ್” ಅಂದರು. ಜಾಕೆಟ್ ಕೇಳಿದಾಗ ಒಂದು ಗುಡ್ಡೆ ತೋರಿಸಿದರು. ನನಗೆ ಸಿಕ್ಕಿದ್ದರ ಬಕಲ್ ಮುರಿದಿತ್ತು. ಅದರ ಜಾಗದಲ್ಲಿ ಸುತಳಿ. ಹೊಲಿಗೆ ಬಿಚ್ಚಿದ ಕಡೆಯಿಂದ ಹಳದಿ ಫೋಮ್ ಇಣುಕುತ್ತಿತ್ತು, ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಗಳಿಗೆ ಹಾಕಿದ ಜಾಕೆಟ್ ಮೊಣಕಾಲಿನವರೆಗೆ ಬಂತು. ಸಣ್ಣ ಅಳತೆಯದು ಇರಲೇ ಇಲ್ಲ. ಇಳಕಲ್ ಸೀರೆಯ ನಮ್ಮ ಅವ್ವನಿಗೆ ಯಾವುದೂ ಹಿಡಿಸಲಿಲ್ಲ. “ಅಜ್ಜಿ, ನೀವು ಹಾಗೇ ಕೂತ್ಕೊಳ್ಳಿ, ಹತ್ತೇ ನಿಮಿಷ” ಎಂದು ಹುಡುಗ ಸಮಾಧಾನ ಹೇಳಿದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹತ್ತು ನಿಮಿಷದಾಗ ಮುಳಗಂಗಿಲ್ಲೇನೋ ಯಪ್ಪಾ?” ಎಂದು ಕೇಳಿದಳು. ದೋಣಿಯವರೆಲ್ಲ ನಕ್ಕರು. ತಾವು ಅಲ್ಲಿದ್ದಿದ್ದರೆ ತಾವೂ ನಗುತ್ತಿದ್ದಿರೇನೋ.

ತಮ್ಮ ಕಟ್ಟುನಿಟ್ಟಿನ ಬಗ್ಗೆಯೂ ಎರಡು ಮಾತು ಹೊಗಳದಿದ್ದರೆ ಪಾಪ ಸುತ್ತೀತು. ತಮ್ಮ ಬಾಗಿಲಿಗೆ ತಾನಾಗಿ ಬಂದವನ ಮೇಲೆ ತಾವು ಎಷ್ಟು ಕಟ್ಟುನಿಟ್ಟು! ಮೀನುಗಾರರ ಮನೆಯ ಹುಡುಗನೊಬ್ಬ ಸಾಲ ಮಾಡಿ ನಾಲ್ಕು ಕಯಾಕ್ ತಂದು, ಕಾನೂನಿನ ಪ್ರಕಾರವೇ ಧಂದೆ ಮಾಡುತ್ತೇನೆ ಅಂದನೆನ್ನಿ. ಪ್ರವಾಸೋದ್ಯಮದವರು ಬಂದರು ಇಲಾಖೆಯ ಎನ್‌ಒಸಿ ತಾ ಅನ್ನುತ್ತಾರೆ. ಬಂದರಿನವರು ಕರಾವಳಿ ಕಾವಲು ಪೊಲೀಸರನ್ನು ಕೇಳು ಅನ್ನುತ್ತಾರೆ. ಪೊಲೀಸರು ಮೊದಲು ಪ್ರವಾಸೋದ್ಯಮದ ನೋಂದಣಿ ತೋರಿಸು ಅನ್ನುತ್ತಾರೆ. ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಹೋಗುವುದಾದರೆ ಅರಣ್ಯ ಇಲಾಖೆ, ದಂಡೆಯಲ್ಲಿ ಚಪ್ಪರ ಹಾಕುವುದಾದರೆ ಪಂಚಾಯಿತಿ. ಇದೆಲ್ಲ ಮುಗಿಯುವ ಹೊತ್ತಿಗೆ ಜೂನ್ ಬರುತ್ತದೆ, ಮಳೆಗಾಲಕ್ಕೆ ಜಲಕ್ರೀಡೆಯೇ ಬಂದ್. ಅದೇ ಹೊತ್ತಿನಲ್ಲಿ ಯಾವ ಕಾಗದದ ಗೊಡವೆಯೂ ಇಲ್ಲದ ಇನ್ನೊಬ್ಬ ಪಕ್ಕದಲ್ಲೇ ದೋಣಿ ಇಳಿಸಿ, ಸೀಸನ್ ಮುಗಿಸಿ, ಸಾಲ ತೀರಿಸಿ, ಎರಡನೇ ದೋಣಿಗೆ ಮುಂಗಡ ಕೊಟ್ಟಿರುತ್ತಾನೆ. ಪ್ರಾಮಾಣಿಕನನ್ನು ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುವ ತಮ್ಮ ಈ ಲೀಲೆ ದೇವಲೋಕಕ್ಕೆ ಸಲ್ಲಬೇಕಾದದ್ದು.

ಬಂದರಿನೊಳಗಿನ ಜಗಳಗಳನ್ನು ಬಗೆಹರಿಸುವಲ್ಲಿ ತಾವು ತೋರುವ ತಾಳ್ಮೆಗೂ ನಮೋನಮಃ. ಬಲೆ ಬಿಟ್ಟ ಕಡೆ ಜೆಟ್ ಸ್ಕೀ ಹಾಯುತ್ತದೆ, ಈಜುವವರ ನಡುವೆ ಸ್ಪೀಡ್ ಬೋಟು ತಿರುಗುತ್ತದೆ, ಮೀನು ಇಳಿಸುವ ಧಕ್ಕೆಗೇ ಪ್ರವಾಸಿ ದೋಣಿಗಳು ಅಡ್ಡ ನಿಲ್ಲುತ್ತವೆ. ಮೀನು ದೋಣಿಯ ತಾಂಡೇಲರು ಕೂಗಾಡುತ್ತಾರೆ, ಬೋಟಿನವರು ತಿರುಗಿ ಕೂಗುತ್ತಾರೆ. ಈಜಿಗೆ ಇಷ್ಟು ಜಾಗ, ಮೀನಿಗೆ ಇಷ್ಟು, ಮೋಜಿಗೆ ಇಷ್ಟು ಎಂದು ನೀರಿನಲ್ಲಿ ಬಣ್ಣದ ಬುರುಡೆ ತೇಲಿಬಿಟ್ಟು ಗಡಿ ಹಾಕಬಹುದು. ಹೊಲದ ಬದುವಿಗಾಗಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದವರು ನಾವು. ಗಡಿಗುರುತು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ನಮ್ಮಿಂದ ಕೇಳಬೇಕು.

ಇನ್ನು ಅತ್ಯಂತ ಭಕ್ತಿಯಿಂದ ಸ್ಮರಿಸಬೇಕಾದದ್ದು ತಾವು ಪ್ರತ್ಯಕ್ಷರಾಗುವ ಮುಹೂರ್ತ. ಹೆಣ ದಡಕ್ಕೆ ಬಂದ ಮೇಲೆ ತಾವು ತಪ್ಪದೆ ದಯಮಾಡಿಸುತ್ತೀರಿ. 2019ರ ಜನವರಿ 21ರಂದು ಕಾರವಾರದ ಹತ್ತಿರ, ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿ ಬರುತ್ತಿದ್ದವರ ದೋಣಿ ಮಗುಚಿತು. 16 ಜನ ಸತ್ತರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ನಮ್ಮ ಹಾಗೆಯೇ ಘಟ್ಟ ಇಳಿದು ಬಂದವರು. ದೋಣಿಯಲ್ಲಿ ಜನ ಮಿತಿಮೀರಿದ್ದರು, ಜಾಕೆಟ್ ಹಾಕಿರಲಿಲ್ಲ ಎಂದು ಮರುದಿನದ ಪತ್ರಿಕೆಗಳು ಬರೆದವು. ಈ ಮಾತನ್ನು ವ್ಯಂಗ್ಯದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ, ಸಾಹೇಬರೇ. ಹಾಕಿಸಬೇಕಾದ ಜಾಕೆಟ್ಟು, ಎಣಿಸಬೇಕಾದ ತಲೆ, ಇವೆರಡಕ್ಕೆ ಹೊಸ ಕಾಯ್ದೆಯೇನೂ ಬೇಕಿರಲಿಲ್ಲ.

ಅಲ್ಲಿಂದ ಮುಂದೆಯೂ ತಮ್ಮ ನಡೆ ಬದಲಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಕಾಳಿ ನದಿಯಲ್ಲಿ ಮಿತಿಗಿಂತ ಹೆಚ್ಚು ಜನ ತುಂಬಿದ್ದ ರಾಫ್ಟೊಂದು ಸುಳಿಗೆ ಸಿಕ್ಕಿತು. ಪುಣ್ಯಕ್ಕೆ ಜನ ಬದುಕಿದರು, ವಿಡಿಯೊ ಊರೂರು ಸುತ್ತಿತು, ತಾವು ಎದ್ದು ಕೂತು ರಾಫ್ಟಿಂಗನ್ನೇ ನಿಲ್ಲಿಸಿದಿರಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ತಾವು ಬೀಚಿಗೇ ಬೇಲಿ ಹಾಕಿದಿರಿ. ತಮಗೆ ಬರುವುದು ಎರಡೇ ವಿದ್ಯೆ: ಪೂರ್ತಿ ಕಣ್ಣು ಮುಚ್ಚುವುದು, ಇಲ್ಲವೇ ಪೂರ್ತಿ ಬಾಗಿಲು ಮುಚ್ಚುವುದು. ಬಾಗಿಲು ಮುಚ್ಚಿದಾಗ ಜಾಕೆಟ್ ಕೊಟ್ಟು, ತಲೆ ಎಣಿಸಿ, ಗಾಳಿ ನೋಡಿ ದೋಣಿ ಬಿಡುತ್ತಿದ್ದವನ ಒಲೆಯೂ ಆರುತ್ತದೆ. ಗಲಾಟೆ ತಣ್ಣಗಾದ ಮೇಲೆ ಬಾಗಿಲು ತೆರೆದರೆ ಸುತಳಿ ಕಟ್ಟಿದ ಜಾಕೆಟ್ಟಿನವನೇ ಮೊದಲು ಒಳಗೆ ಬರುತ್ತಾನೆ. ಒಳ್ಳೆಯವನಿಗೂ ಕೆಟ್ಟವನಿಗೂ ಭೇದವಿಲ್ಲದ ಈ ಸಮದೃಷ್ಟಿ ಶರಣರಿಗೂ ಕಷ್ಟಸಾಧ್ಯ.

ತಮ್ಮ ಕೀರ್ತಿ ಕರ್ನಾಟಕಕ್ಕಷ್ಟೇ ಸೀಮಿತವಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನೇ ತಿದ್ದಿ ಪ್ರವಾಸಿ ದೋಣಿ ಮಾಡಿ ಓಡಿಸುತ್ತಿದ್ದುದು ಮುಳುಗಿ 22 ಜನ ಸತ್ತರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಪಿಕ್‌ನಿಕ್‌ಗೆ ಬಂದಿದ್ದ 12 ಶಾಲಾಮಕ್ಕಳು, 2 ಶಿಕ್ಷಕಿಯರು ಹೋದರು. ಅದು ಸಮುದ್ರವೂ ಅಲ್ಲ, ಹೊಳೆಯೂ ಅಲ್ಲ, ಪೇಟೆಯ ನಡುವಿನ ಕೆರೆ.

ಕೆರೆಯ ಮಾತು ಬಂದಿದ್ದಕ್ಕೆ ಒಂದು ಅಂಜಿಕೆಯನ್ನೂ ತಮ್ಮ ಪಾದಕ್ಕೆ ಒಪ್ಪಿಸುತ್ತೇನೆ. ತಾವು ಈಗ ಘಟ್ಟ ಹತ್ತಿ ನಮ್ಮ ಕಡೆಗೂ ಬರುವ ಸೂಚನೆಗಳಿವೆ. ಕೆರೆ ಅಭಿವೃದ್ಧಿ ಎಂದೊಡನೆ ನಮ್ಮ ನಾಯಕರ ಬಾಯಲ್ಲಿ ಮೊದಲು ಬರುವುದು ವಾಕಿಂಗ್ ಪಾಥ್, ಕಾರಂಜಿ, ಬೋಟಿಂಗ್. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ದೋಣಿಗಿಂತ ಅಂತರಗಂಗೆ ಕಳೆ ಚೆನ್ನಾಗಿ ತೇಲಿದ್ದನ್ನು ನೋಡಿದ್ದೇವೆ. ಕಲಘಟಗಿ ತಾಲ್ಲೂಕಿನ ನೀರಸಾಗರ ಹುಬ್ಬಳ್ಳಿಗೆ ನೀರು ಕುಡಿಸಲು ಕಟ್ಟಿದ್ದು. ಬರಗಾಲದಲ್ಲಿ ಅದರ ತಳವನ್ನೂ ಕಂಡಿದ್ದೇವೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕಳಸಾ–ಬಂಡೂರಿ ಯೋಜನೆಗೆಂದು 3.9 ಟಿಎಂಸಿ ಅಡಿ ನೀರು ಹಂಚಿತು. ಆ ನೀರಿನ ದಾರಿ ನಾವಿನ್ನೂ ಕಾಯುತ್ತಿದ್ದೇವೆ. ಆದರೂ ನನಗೊಂದು ನಂಬಿಕೆ: ನೀರಿಗಿಂತ ಮೊದಲು ನಮ್ಮೂರಿಗೆ ಬೋಟು ಬರುತ್ತದೆ, ಬೋಟಿಗಿಂತ ಮೊದಲು ಅದರ ಟೆಂಡರ್ ಬರುತ್ತದೆ, ಎಲ್ಲಕ್ಕಿಂತ ಕೊನೆಗೆ, ಏನಾದರೂ ಆದ ಮೇಲೆ, ತಾವು ಬರುತ್ತೀರಿ.

ಆದಕಾರಣ ತಮ್ಮಲ್ಲಿ ನಮ್ರ ವಿನಂತಿ. ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿಯುವ ಮುಂಚೆಯೇ ಒಮ್ಮೆ ದಂಡೆಗೆ ಬನ್ನಿ. ಹೊಸ ಧಂದೆ ಮಾಡುವವನಿಗೆ ಅರ್ಜಿ ಒಂದೇ ಮೇಜಿನ ಮೇಲೆ ಮುಗಿಯಲಿ. ಆಗುವುದಾದರೆ ಇಷ್ಟು ದಿನದಲ್ಲಿ ಆಗುತ್ತದೆ, ಆಗದಿದ್ದರೆ ಇಂಥ ಕಾರಣಕ್ಕೆ ಆಗುವುದಿಲ್ಲ ಎಂದು ಬರೆದು ಕೊಡಿ. ನಡೆಸುವವರಿಗೆ ತರಬೇತಿ ಬೇಕೆಂದರೆ ಪಕ್ಕದ ಗೋವಾದಲ್ಲೇ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಬಡ ಹುಡುಗರ ಫೀ ಸರ್ಕಾರವೇ ಕಟ್ಟಲಿ. ಎಷ್ಟು ಜನ ಕೂರಬಹುದೆಂಬ ಅಂಕಿ ದೋಣಿಯ ಎರಡೂ ಮಗ್ಗುಲಲ್ಲಿ ಮೊಳದುದ್ದ ಇರಲಿ. ಮಕ್ಕಳ ಅಳತೆಯ ಜಾಕೆಟ್ಟು ಇಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸುವ ಅಪ್ಪಣೆ ಬೇಡ. ಪರವಾನಗಿ ಇರುವ ದೋಣಿಗಳ ಪಟ್ಟಿಯನ್ನು ಕಾರವಾರದ ಕಚೇರಿಯ ಗೋಡೆಗೆ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ನಾವು ಬಸ್ ಹತ್ತುವ ಹುಬ್ಬಳ್ಳಿ, ನವಲಗುಂದ, ಗದಗ, ಹಾವೇರಿಯ ನಿಲ್ದಾಣಗಳಲ್ಲೂ ಹಚ್ಚಿಸಿ. ಸಾಯುವವರು ಇಲ್ಲಿಂದ ಹೊರಡುತ್ತಾರೆ, ಎಚ್ಚರಿಕೆಯೂ ಇಲ್ಲಿಂದಲೇ ಹೊರಡಲಿ.

ತಮ್ಮ ಅಮೂಲ್ಯ ನಿದ್ರೆಗೆ ಭಂಗ ತಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಂತಿ ತಮ್ಮ ಪರಮ ವಿಧೇಯ,
ಈಜು ಬಾರದ ನವಲಗುಂದ ಸೀಮೆಯವ

ವಿ.ಸೂ.: ಈ ಕಾಗದಕ್ಕೆ ಸಾಹೇಬರಿಂದ ಉತ್ತರ ಬರುವವರೆಗೆ ಓದುಗರಲ್ಲಿ ಒಂದು ಮಾತು. ಗಟ್ಟಿ ಬಕಲ್ಲಿನ ಜಾಕೆಟ್ಟು ಮನೆಯ ಎಲ್ಲರ ಮೈಮೇಲೂ ಕೂರದಿದ್ದರೆ, ದೋಣಿಯಲ್ಲಿ ಬರೆದ ಅಂಕಿಗಿಂತ ಒಂದು ತಲೆ ಹೆಚ್ಚಿದ್ದರೆ, ಇಳಿದುಬಿಡಿ. ಕೊಟ್ಟ ದುಡ್ಡು ವಾಪಸ್ ಬರಲಿಕ್ಕಿಲ್ಲ. ನೀವು ಊರಿಗೆ ವಾಪಸ್ ಬರುತ್ತೀರಿ.