ಬಿಳಿ ಬೂಷ್ಟಿನ ಮಡಿ

ನಮ್ಮ ಮನೆಯಲ್ಲಿ ಬೂಷ್ಟು ಎರಡು ಬಗೆ. ಬಿಳಿಯದಾದರೆ ಅದಕ್ಕೊಂದು ಹೆಸರು, ತಾರೀಖು, ತಂಪು ಜಾಗ, ಕಾವಲು. ಹಸಿರೋ ಕಪ್ಪೋ ಆದರೆ ಮುಚ್ಚಳ ತೆಗೆಯದೆ ಹಾಗೇ ಕುಕ್ಕರಿಗೆ ಹಾಕಿ ಬೇಯಿಸಿ, ಆಮೇಲೆ ಹೊರಗೆ. ಬ್ರೆಡ್ಡಿನ ಮೇಲಿರಲಿ, ಮಳೆಗಾಲದ ಚಪ್ಪಲಿಯ ಮೇಲಿರಲಿ, ಬೂಷ್ಟು ಕಂಡರೆ ಉಜ್ಜಿ ತೊಳೆಯಬೇಕು ಎಂದು ತವರಿನಲ್ಲಿ ಕಲಿತು ಬಂದವಳು ನಾನು. ಬೂಷ್ಟಿಗೆ ಮರ್ಯಾದೆ ಕೊಡುವ ಪಾಠ ಶುರುವಾದದ್ದು ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ.

ಮೈಸೂರಿನಲ್ಲಿ ನಿವೃತ್ತರಾದವರು ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ಇಲ್ಲವೇ ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುತ್ತಾರೆ. ಇವರು ಅಣಬೆ ಹಿಡಿದರು. ಅಣಬೆ ಬೆಳೆಯುವುದಕ್ಕೆ ನನ್ನ ತಕರಾರಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ. ತಂದು, ಬೇಯಿಸಿ ಆರಿಸಿದ ಹುಲ್ಲಿನ ಜೊತೆ ಚೀಲಕ್ಕೆ ತುಂಬಿ ನೇತುಹಾಕಿದರೆ ಚಿಪ್ಪು ಅಣಬೆ ತನ್ನಷ್ಟಕ್ಕೆ ಬರುತ್ತದೆ. ಆದರೆ ಆಯುಷ್ಯವೆಲ್ಲ ಅಡಮಾನದ ಕಾಗದ ಪರಿಶೀಲಿಸಿದ ಮನುಷ್ಯನಿಗೆ ಮೂಲಪತ್ರ ಕೈಯಲ್ಲಿರದೆ ನಿದ್ದೆ ಬಾರದು. ಅಣಬೆ ಬೀಜಕ್ಕೂ ಒಂದು ಮೂಲ ಉಂಟಂತೆ. ಅದು ಅಗರ್ ತಟ್ಟೆಯ ಮೇಲೆ ಬೆಳೆಸಿದ ಅಣಬೆಯ ಬಿಳಿ ಬೂಷ್ಟು, ಅಂದರೆ ಕಲ್ಚರ್. ಅದು ಮನೆಯಲ್ಲೇ ಇರಬೇಕು ಎಂದರು. ಮನೆಯಲ್ಲಿರಬೇಕು ಎಂದರೆ ಅದಕ್ಕೆ ಅಡುಗೆ ಮಾಡುವವಳು ನಾನೇ ಎಂದು ಬೇರೆ ಹೇಳಬೇಕೆ?

ಅಡುಗೆ ಕಷ್ಟದ್ದಲ್ಲ. 200 ಗ್ರಾಂ ಆಲೂಗಡ್ಡೆ ಹೆಚ್ಚಿ ಬೇಯಿಸಿ, ಕಟ್ಟು ಬಸಿದು, ನೀರು ಸೇರಿಸಿ ಒಂದು ಲೀಟರ್ ಮಾಡಿ, 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್ ಕರಗಿಸುವುದು. ಅಗರ್ ಎಂದರೆ ಕಡಲಪಾಚಿಯ ಸಾರ, ದಿನಸಿ ಅಂಗಡಿಯ ಚೈನಾಗ್ರಾಸ್. ಮೇಲಿಂದ ಮೇಲೆ ಕೊಳ್ಳುವುದನ್ನು ನೋಡಿ ಶೆಟ್ಟರು, "ಏನಮ್ಮ, ಮನೇಲಿ ದಿನಾ ಪುಡ್ಡಿಂಗಾ?" ಎಂದು ಕೇಳಿದರು. ಬೆಂದ ಆಲೂಗಡ್ಡೆ ಅಣಬೆಗೆ ಬೇಡ, ಅದರ ನೀರು ಸಾಕು. ಉಳಿದದ್ದು ಪಲ್ಯ. ತಟ್ಟೆ ಸುರಿಯುವ ದಿನವೆಲ್ಲ ನಮ್ಮಲ್ಲಿ ಆಲೂಗಡ್ಡೆ ಪಲ್ಯ, ಅದೂ ಸತ್ವ ಬಿಟ್ಟ ಪಲ್ಯ.

ಈ ಅಗರ್ ಪ್ರಯೋಗಾಲಯಕ್ಕೆ ಹೋದದ್ದೇ ಅಡುಗೆಮನೆಯಿಂದ. ಜರ್ಮನಿಯಲ್ಲಿ ರಾಬರ್ಟ್ ಕೋಖ್ ಅವರ ಸಹಾಯಕರಾಗಿದ್ದ ವಾಲ್ಟರ್ ಹೆಸ್ ಎಂಬುವರು ಜೆಲಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸಲು ಹೆಣಗುತ್ತಿದ್ದರು. ಬೇಸಗೆಯಲ್ಲಿ ಅದು ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ಕರಗಿಸುತ್ತಿದ್ದವು. ಅದೇ ಬೇಸಗೆಯಲ್ಲಿ ಹೆಂಡತಿ ಫ್ಯಾನಿ ಮಾಡಿದ ಜೆಲ್ಲಿ ಮಾತ್ರ ಗಟ್ಟಿಯಾಗಿ ಕೂತಿತ್ತು. ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ ಆಕೆ ಅಗರ್ ಬಳಕೆ ಕಲಿತಿದ್ದಳು. ಇದು 1881ರ ಮಾತು. ಮರುವರ್ಷ ಕ್ಷಯದ ಬಗ್ಗೆ ಬರೆದ ಪ್ರಬಂಧದಲ್ಲಿ ಕೋಖ್ ಅಗರ್ ಹೆಸರೆತ್ತಿದರು, ಆಕೆಯ ಹೆಸರೆತ್ತಲಿಲ್ಲ. 1887ರಲ್ಲಿ ಅವರ ಇನ್ನೊಬ್ಬ ಸಹಾಯಕ ಪೆಟ್ರಿ ಮುಚ್ಚಳವಿರುವ ಗಾಜಿನ ತಟ್ಟೆ ಬಳಕೆಗೆ ತಂದರು. ಅದು ಇವತ್ತಿಗೂ ಪೆಟ್ರಿ ತಟ್ಟೆ. ತಟ್ಟೆಗೆ ಗಂಡಸಿನ ಹೆಸರು, ತಟ್ಟೆಯೊಳಗಿನ ಅಡುಗೆಗೆ ಯಾರ ಹೆಸರೂ ಇಲ್ಲ! ಇದನ್ನು ಯಜಮಾನರಿಗೆ ಓದಿ ಹೇಳಿದೆ. "ಪಲ್ಯ ಚೆನ್ನಾಗಿದೆ" ಎಂದರು.

ಅಗರ್ 85 ಡಿಗ್ರಿಯಲ್ಲಿ ಕರಗಿದರೂ 40ರ ಆಸುಪಾಸಿಗೆ ಬರುವವರೆಗೆ ಗಟ್ಟಿಯಾಗುವುದಿಲ್ಲ. ಕುಕ್ಕರಿನಲ್ಲಿ ಅದನ್ನು 121 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಇಲ್ಲಿ ಕೂಗು ಎಣಿಸುವ ನಮ್ಮ ವಿದ್ಯೆ ನಡೆಯದು, ಒತ್ತಡ ಏರಿದ ಮೇಲೆ ಗಡಿಯಾರ ನೋಡಬೇಕು. ಸೀಸೆ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಸುರಿಯುವುದು. ಬಿಸಿಬಿಸಿ ಸುರಿದರೆ ಮುಚ್ಚಳವೆಲ್ಲ ಬೆವರು. ಆ ಬೆವರು ಕೆಳಗೆ ತೊಟ್ಟಿಕ್ಕದಿರಲೆಂದು ತಟ್ಟೆಗಳನ್ನು ಬೋರಲು ಹಾಕಿಡುತ್ತಾರೆ. ನಮ್ಮ ಅತ್ತೆಗೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ. "ತಟ್ಟೆ ಬೋರಲು ಹಾಕಿದರೆ ಮನೆಗೆ ದರಿದ್ರ ಕಣೋ."

ಅತ್ತೆಯ ವಿಷಯ ಈಗ ಹೇಳಲೇಬೇಕು. ಅವರು ಮಡಿಯವರು. ಈರುಳ್ಳಿಯನ್ನೇ ಮುಟ್ಟದವರ ಮನೆಯೊಳಗೆ ಅಣಬೆ ಬಂದಿದೆ ಎಂದರೆ ಕೇಳಬೇಕೆ? "ಅಣಬೆ ತಿನ್ನಕೂಡದು ಅಂತ ಮನುವೇ ಬರೆದಿಟ್ಟಿದ್ದಾನೆ, ಬೆಳ್ಳುಳ್ಳಿ ಸಾಲಿನಲ್ಲೇ." ಯಜಮಾನರು ಬ್ಯಾಂಕಿನ ಸುತ್ತೋಲೆ ಓದುವ ಗತ್ತಿನಲ್ಲಿ, "ತಿನ್ನಬೇಡ ಅಂದಿದ್ದಾನಮ್ಮ, ತಟ್ಟೇಲಿ ಸಾಕಬೇಡ ಅಂದಿಲ್ಲ" ಎಂದರು. ಅತ್ತೆ ಆ ರಾತ್ರಿ ಬರೀ ಹಾಲು ಕುಡಿದು ಮಲಗಿದರು.

ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಲ್ಚರ್ ದಾಟಿಸುವುದು ದೊಡ್ಡ ಸಮಾರಂಭ. ಬಾಗಿಲು ಕಿಟಕಿ ಭದ್ರ, ಫ್ಯಾನ್ ಬಂದ್. ದೊಡ್ಡ ಪ್ಲಾಸ್ಟಿಕ್ ಡಬ್ಬ ಮಗುಚಿ, ಕೈ ತೂರಿಸಲು ಎರಡು ತೂತು ಕೊರೆದ ಪೆಟ್ಟಿಗೆ. ಒಳಗೆ ಗಾಳಿ ಅಲುಗಬಾರದು. ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಅಪ್ಪಟ ಸ್ಪಿರಿಟ್ಟಿಗಿಂತ ನೀರು ಬೆರೆಸಿ ನೂರಕ್ಕೆ 70ಕ್ಕೆ ಇಳಿಸಿದ್ದೇ ಹೆಚ್ಚು ಕ್ರಿಮಿ ಕೊಲ್ಲುತ್ತದೆ, ನೀರಿದ್ದರೇ ಅದು ಜೀವಕೋಶದ ಒಳಕ್ಕೆ ಇಳಿಯುವುದು. ದೀಪ ಮಾತ್ರ ಪೆಟ್ಟಿಗೆಯ ಹೊರಗೆ; ಸ್ಪಿರಿಟ್ಟಿನ ಆವಿ ತುಂಬಿದ ಡಬ್ಬದಲ್ಲಿ ಬೆಂಕಿ ಇಟ್ಟರೆ ಅಣಬೆಗಿಂತ ಮುಂಚೆ ಯಜಮಾನರು ಬೇಯುತ್ತಾರೆ. ಚಾಕುವಿನ ತುದಿ ಕೆಂಡವಾಗುವವರೆಗೆ ಕಾಯಿಸಿ, ಖಾಲಿ ಅಗರ್ ಅಂಚಿಗೆ ತಾಗಿಸುತ್ತಾರೆ: ಚುಂಯ್. ಆಮೇಲೆ ಹಳೆ ತಟ್ಟೆಯ ಬಿಳಿ ಬೂಷ್ಟಿನ ಅಂಚಿನಿಂದ ಬೇಳೆ ಗಾತ್ರದ ತುಂಡು ಕತ್ತರಿಸುವುದು. ನಡುವಿನದು ಮುದಿ, ಅಂಚಿನದು ಹರೆಯದ್ದು. ಹೊಸ ತಟ್ಟೆಯ ಮುಚ್ಚಳವನ್ನು ಒಂದೇ ಕಡೆ ಓರೆಯಾಗಿ ಎತ್ತಿ, ತುಂಡನ್ನು ಮಧ್ಯಕ್ಕೆ ಮಗುಚಿಟ್ಟು, ತಕ್ಷಣ ಮುಚ್ಚಿ, ಸುತ್ತ ಟೇಪು. ಎರಡು ಮೂರು ದಿನದಲ್ಲಿ ತುಂಡಿನ ಸುತ್ತ ಬಿಳಿ ಕೂದಲು ಏಳುತ್ತದೆ. ಚಿಪ್ಪು ಅಣಬೆಯಾದರೆ ವಾರ ಹತ್ತು ದಿನದಲ್ಲಿ ತಟ್ಟೆ ಪೂರ್ತಿ ಹರಡಿಕೊಳ್ಳುತ್ತದೆ.

ಪುಸ್ತಕದಲ್ಲಿ ಹಾಗಿದೆ. ನಮ್ಮಲ್ಲಿ ಮೊದಮೊದಲು ಬಂದದ್ದೆಲ್ಲ ಹಸಿರು. ಟ್ರೈಕೋಡರ್ಮಾ. ಕಾಳುಮೆಣಸಿನ ಸೊರಗು ರೋಗಕ್ಕೆಂದು ಮಲೆನಾಡಿನಲ್ಲಿರುವ ನನ್ನ ತಮ್ಮ ಇದನ್ನೇ ದುಡ್ಡು ಕೊಟ್ಟು ಪೊಟ್ಟಣದಲ್ಲಿ ತರುತ್ತಾನೆ. ನಮ್ಮ ಮನೆಗೆ ಪುಕ್ಕಟೆ ಬರುತ್ತಿತ್ತು. ಬೇರೆ ಶಿಲೀಂಧ್ರವನ್ನು ತಿಂದು ಬದುಕುವ ಶಿಲೀಂಧ್ರ ಅದು. ತೋಟದಲ್ಲಿ ರೈತನ ನೆಂಟ, ತಟ್ಟೆಯಲ್ಲಿ ದಾಯಾದಿ.

ಅಂಥ ಒಂದು ಸಮಾರಂಭವನ್ನು ಅತ್ತೆ ಹೊಸ್ತಿಲ ಆಚೆ ನಿಂತು ನೋಡಿದರು. ಯಜಮಾನರು ತಟ್ಟೆಯ ಮೇಲೆ ಬಾಗಿ ನನಗೆ ವಿವರಣೆ ಕೊಡುತ್ತಿದ್ದರು.

"ಲೋ ಪುಟ್ಟು, ಬಾಯಿ ಮುಚ್ಚೋ. ನೈವೇದ್ಯದ ಮೇಲೆ ಯಾರಾದರೂ ಮಾತಾಡ್ತಾರಾ? ಎಂಜಲು ಹಾರುತ್ತೆ."

ಪುಟ್ಟುವಿಗೆ ಅರವತ್ತು ದಾಟಿದೆ. ಬಾಯಿ ಮುಚ್ಚಿದರು.

"ಆ ಅಂಗಿ ಪೇಟೆಗೆ ಹಾಕಿಕೊಂಡು ಹೋಗಿದ್ದಲ್ವಾ? ತಲೆಗೆ ಸ್ನಾನ ಆಗಿದೆಯಾ? ಮುಚ್ಚಳ ಅಷ್ಟು ಯಾಕೆ ತೆಗೀತೀಯ, ದೃಷ್ಟಿ ತೆಗೆಯೋ ಹಾಗೆ? ಕೈಯನ್ನ ತಟ್ಟೆ ಮೇಲಿಂದ ದಾಟಿಸಬೇಡ, ಪಕ್ಕದಿಂದ ತಾ."

ಅಣಬೆ ಬೆಳೆಯುವವರ ಕೈಪಿಡಿಯಲ್ಲಿ ಇದೇ ಮಾತು ಚಿತ್ರಸಹಿತ ಇತ್ತು. ಮಾಸ್ಕ್, ಟೋಪಿ, ಒಗೆದ ಬಟ್ಟೆ, ಕೈ ಓಡಾಡುವ ದಾರಿ. ಚಿತ್ರ ಬೈಯುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಸಲ ಯಜಮಾನರು ಸ್ನಾನ ಮಾಡಿ, ಮಾಳಿಗೆಯ ಮೇಲೆ ಒಣಗಿಸಿದ ಪಂಚೆ ಉಟ್ಟು, ಮೌನವಾಗಿ ಕೂತರು. ತಟ್ಟೆಗಳು ಬೆಳ್ಳಗೆ ಬಂದವು. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟದ್ದರ ಬಗ್ಗೆ ಅತ್ತೆಗೂ ನನಗೂ ಹಳೆಯ ಜಗಳವಿದೆ, ಅದು ಮುಗಿದಿಲ್ಲ. ಟ್ರೈಕೋಡರ್ಮಾವನ್ನು ದೂರ ಇಡುವುದಾದರೆ ನನ್ನ ಅಭ್ಯಂತರವಿಲ್ಲ.

ಗೆದ್ದವರಿಗೆ ಆಸೆ ಹೆಚ್ಚು. ಇವರ ಕಣ್ಣು ದೇವರ ಮನೆಯ ಮೇಲೆ ಬಿತ್ತು. ಕಿಟಕಿಯಿಲ್ಲ, ದೀಪ ಆರೀತೆಂದು ಫ್ಯಾನಿಲ್ಲ, ಸ್ನಾನ ಮಾಡದೆ ಯಾರೂ ಕಾಲಿಡುವುದಿಲ್ಲ. ಲಕ್ಷಗಟ್ಟಲೆ ಸುರಿದು ಕಟ್ಟುವ ಪ್ರಯೋಗಾಲಯದಲ್ಲೂ ಬಯಸುವುದು ಇದನ್ನೇ ಅಲ್ಲವೇ ಎಂದು ವಾದ. ಅತ್ತೆ ಉತ್ತರ ಕೊಡಲಿಲ್ಲ, ಬಾಗಿಲಿಗೆ ಚಿಲಕ ಹಾಕಿದರು.

ಹಾಗಾಗಿ ಬೆಳೆದ ತಟ್ಟೆಗಳೆಲ್ಲ ಫ್ರಿಜ್ಜಿಗೆ ಬಂದವು. ನಾಲ್ಕು ಡಿಗ್ರಿಯಲ್ಲಿ ಚಿಪ್ಪು ಅಣಬೆ ಬೆಳವಣಿಗೆ ತಡೆಹಿಡಿದು ತಿಂಗಳುಗಟ್ಟಲೆ ಮಲಗಿರುತ್ತದೆ. ನಮ್ಮ ದೋಸೆ ಹಿಟ್ಟು, ಮಲ್ಲಿಗೆ ಮೊಗ್ಗು ಬಾಗಿಲ ಅರೆಗೆ ವರ್ಗವಾದವು. ಎಲ್ಲ ಅಣಬೆಗೂ ಈ ಚಳಿ ಆಗದು. ಬತ್ತದ ಹುಲ್ಲಿನ ಅಣಬೆಯ ಕಲ್ಚರ್ ಫ್ರಿಜ್ಜಿನಲ್ಲಿಟ್ಟರೆ ಸತ್ತೇ ಹೋಗುತ್ತದೆ. ಹಾಲಣಬೆಯದೂ ಬೆಚ್ಚನೆಯ ಸೀಮೆಯ ಜೀವ. ಅವು ಪುಸ್ತಕದ ಬೀರುವಿನಲ್ಲಿ, ಕಾನೂನು ಪುಸ್ತಕಗಳ ಪಕ್ಕ ಇವೆ.

ತಟ್ಟೆಗಳ ಮೇಲೆ ಇವರು ಬರೆದಿಟ್ಟ ಚೀಟಿ ನೋಡಿ ಅತ್ತೆ ಕನ್ನಡಕ ತರಿಸಿಕೊಂಡರು. ತಳಿ ಯಾವುದು, ಮೂಲ ಎಲ್ಲಿಯದು, ಎಷ್ಟನೇ ಸಲ ದಾಟಿಸಿದ್ದು, ಯಾವ ತಾರೀಖು. "ಗೋತ್ರ ಪ್ರವರ ಎಲ್ಲ ಬರೆದಿದ್ದೀಯಲ್ಲೋ!" ಎಂದರು, ಮೊದಲ ಬಾರಿಗೆ ಮೆಚ್ಚುಗೆಯಿಂದ. ಬರೆಯಲೇಬೇಕಂತೆ. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಲೇ ಹೋದರೆ ತಳಿ ಕಳೆಗುಂದುತ್ತದೆ. ಬೂಷ್ಟು ನಿಧಾನವಾಗುತ್ತದೆ, ಒಂದು ಕಡೆ ಹತ್ತಿಯ ಹಾಗೆ, ಇನ್ನೊಂದು ಕಡೆ ತೆಳ್ಳಗೆ ಪಟ್ಟೆ ಬೀಳುತ್ತದೆ, ಕೊನೆಗೆ ಇಳುವರಿಯೂ ಕುಸಿಯುತ್ತದೆ. ಅದಕ್ಕೇ ಮೊದಲ ತಲೆಮಾರಿನ ತಾಯಿ ಕಲ್ಚರನ್ನು ಮುಟ್ಟದೆ ಹಿಂದಿಟ್ಟು, ಮಕ್ಕಳನ್ನು ಮಾತ್ರ ಕೆಲಸಕ್ಕೆ ಕಳಿಸುವುದು. "ತಾಯಿಗೆ ತೊಂದರೆ ಕೊಡಬಾರದು ಅಂತ ಬೂಷ್ಟಿನ ವಿಷಯದಲ್ಲಾದರೂ ಗೊತ್ತಾಯ್ತಲ್ಲ" ಎಂದರು ಅತ್ತೆ.

ದೊಡ್ಡ ಸಂಸ್ಥೆಗಳಲ್ಲಿ ತಾಯಿಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಇವರು ಅದರ ಬೆಲೆ ವಿಚಾರಿಸಲು ಫೋನ್ ಎತ್ತಿದಾಗ ನಾನು ಮಧ್ಯೆ ಬಂದೆ. ಬೇರೊಂದು ಉಪಾಯ ಓದಿ ಇಟ್ಟುಕೊಂಡಿದ್ದೆ. ಇಟಲಿಯ ವೈದ್ಯ ಆಲ್ಡೋ ಕ್ಯಾಸ್ಟೆಲಾನಿ 1939ರಲ್ಲಿ ತೋರಿಸಿದ್ದು: ಬೇಯಿಸಿ ಆರಿಸಿದ ಭಟ್ಟಿ ನೀರಿನ ಪುಟ್ಟ ಸೀಸೆಗೆ ಶಿಲೀಂಧ್ರದ ತುಂಡು ಹಾಕಿ ಬಿರಡೆ ಬಿಗಿದರೆ, ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಜೀವ ಇರುತ್ತದೆ. ಆತ ಪರೀಕ್ಷಿಸಿದ್ದು ರೋಗ ತರುವ ಶಿಲೀಂಧ್ರಗಳನ್ನು. ಅಣಬೆಯವರೂ ಈಗ ಅದೇ ದಾರಿ ಹಿಡಿದಿದ್ದಾರೆ. ತಿನ್ನಲು ಏನೂ ಇಲ್ಲದ್ದರಿಂದ ಅದು ಬೆಳೆಯುವುದಿಲ್ಲ, ಬೆಳೆಯದ್ದರಿಂದ ಮುದಿಯಾಗುವುದೂ ನಿಧಾನ.

"ಬರೀ ನೀರಾ?" ಎಂದು ಯಜಮಾನರು ಮುಖ ಸಣ್ಣ ಮಾಡಿದರು. ಅಷ್ಟು ಅಗ್ಗದ್ದು ವಿಜ್ಞಾನ ಹೇಗಾದೀತು ಎಂಬ ಅನುಮಾನ. ಆದರೂ ಒಪ್ಪಿದರು. ಸೀಸೆಗಳು ಬೀರು ಸೇರಿದವು.

ಫ್ರಿಜ್ಜಿನ ನಡು ಅರೆ ಖಾಲಿಯಾದದ್ದು ಸಂಜೆ. ಬೆಳಿಗ್ಗೆ ಮಲ್ಲಿಗೆ ಡಬ್ಬ ಹಿಡಿದು ಹೋಗುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ಅರೆಯನ್ನು ಒರೆಸಿ, ತಮ್ಮ ಹಾಲು ಮೊಸರಿನ ಪಾತ್ರೆಗಳನ್ನು ಜೋಡಿಸಿಯಾಗಿತ್ತು. "ಇದು ಇನ್ನು ಮೇಲೆ ಮಡಿ ಅರೆ, ಯಾರೂ ಮುಟ್ಟಕೂಡದು" ಎಂದರು. ಪ್ರತಿ ಪಾತ್ರೆಯ ಮೇಲೂ ಒಂದೊಂದು ಚೀಟಿ ಅಂಟಿಸಿದ್ದರು, ತಾರೀಖು ಸಮೇತ.