ಬೀಗರಿಲ್ಲದ ಊರು

ಬೆಂಗಳೂರಿನಲ್ಲಿರುವ ನನ್ನ ಷಡ್ಡಕ ಶನಿವಾರ ಬಂತೆಂದರೆ ವಾಟ್ಸಾಪ್‌ನಲ್ಲಿ ಫೋಟೊ ಹಾಕಲು ಶುರು ಮಾಡುತ್ತಾನೆ. ಒಂದು ವಾರ ನಂದಿಬೆಟ್ಟ, ಇನ್ನೊಂದು ವಾರ ಸಕಲೇಶಪುರ. ಹೋದ ತಿಂಗಳು ಯಾವುದೋ ಹೊಳೆದಂಡೆಯ ರೆಸಾರ್ಟಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ. ಆ ಕಾಲಿಗೆ ದಿನದ ಬಾಡಿಗೆ ಎಷ್ಟು ಸಾವಿರ ಎಂಬ ಲೆಕ್ಕವನ್ನು ಅವನ ಹೆಂಡತಿ ನನ್ನ ಹೆಂಡತಿಗೆ ಫೋನಿನಲ್ಲಿ ಒಪ್ಪಿಸಿದಳು.

ನಾವು ದಢೇಸುಗೂರಿನವರು. ತುಂಗಭದ್ರೆ ನಮ್ಮ ಹಿತ್ತಲಿನವಳು. ಕಾಲು ಇಳಿಬಿಟ್ಟರೆ ಇಲ್ಲಿ ಯಾರೂ ಬಾಡಿಗೆ ಕೇಳುವುದಿಲ್ಲ. ಅದಕ್ಕೇ ಇರಬೇಕು, ನಾವು ಯಾವತ್ತೂ ಇಳಿಬಿಟ್ಟಿಲ್ಲ. ನಾವು ಹೊಳೆಗೆ ಹೋಗುವುದು ಸಂಕ್ರಮಣದ ದಿನ ಬುತ್ತಿ ಕಟ್ಟಿಕೊಂಡು, ಇಲ್ಲವೇ ಪಂಪ್‌ಸೆಟ್ಟಿಗೆ ಕಸ ಸಿಕ್ಕಿಕೊಂಡಾಗ ಬೈದುಕೊಂಡು.

‘ನಾವೂ ಎಲ್ಲ್ಯರ ಹೋಗಾಮು ರೀ’ ಅಂದಳು ಹೆಂಡತಿ. ನಾನು ಮೇಷ್ಟ್ರು. ಶನಿವಾರ ಮುಂಜಾನೆಯ ಶಾಲೆ ಮುಗಿದರೆ ನನ್ನ ವೀಕೆಂಡು ಹುಟ್ಟುತ್ತದೆ. ಸೋಮವಾರದ ಪಾಠಟಿಪ್ಪಣಿ ನೆನಪಾದ ಕೂಡಲೇ ಸಾಯುತ್ತದೆ. ಮನೆಯಲ್ಲಿ ಎರಡು ಎಮ್ಮೆ. ಭಾನುವಾರ ಸಂಜೆ ಹಿಂಡುವ ಹೊತ್ತಿಗೆ ಮನೆ ಸೇರಲೇಬೇಕು. ಇವೆರಡನ್ನೂ ಹೇಗಾದರೂ ಹೊಂದಿಸಬಹುದಿತ್ತು. ಹೆಂಡತಿ ಹಾಕಿದ ಮೂರನೆಯ ಷರತ್ತೇ ಕಠಿಣವಾದದ್ದು: ‘ಆ ಊರಾಗ ಬೀಗರು ಇರಬಾರ್ದು.’

ಇದು ಅಹಂಕಾರದ ಮಾತಲ್ಲ, ಅನುಭವದ್ದು. ನಮ್ಮ ಕಡೆ ಬೀಗರ ಊರಿಗೆ ಹೋಗಿ ಅವರ ಮನೆಗೆ ಹೋಗದಿದ್ದರೆ ಅದು ಮೂರು ಮದುವೆಗಳ ತನಕ ನೆನಪಿನಲ್ಲಿ ಉಳಿಯುವ ಅಪರಾಧ. ಹೋದಿರೋ, ನಿಮ್ಮ ಪ್ರವಾಸ ಅಲ್ಲಿಗೆ ಮುಗಿಯಿತು. ‘ಒಂದೀಟು ಚಾ ಕುಡುದು ಹೋಗ್ರಿ’ ಎಂದು ಶುರುವಾಗುತ್ತದೆ. ಚಾ ಒಲೆಯ ಮೇಲೇರುವುದರೊಳಗೆ ಒಗ್ಗರಣಿ ಮಿರ್ಚಿ ಬರುತ್ತದೆ. ಒಗ್ಗರಣಿ ತಿನ್ನುವಾಗ ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಊಟವಾದ ಮೇಲೆ ಗಂಡಸರು ಸೊಸಾಯಿಟಿ ಸಾಲ, ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಭತ್ತಕ್ಕೆ ಏನು ರೇಟು ಎಂದು ಮಾತಾಡುತ್ತಾ ಅಡ್ಡಾಗುತ್ತಾರೆ. ಹೊರಡುವಾಗ ಉಡಿ ತುಂಬಿ ಜಂಪರ್ ಪೀಸು. ಕಳೆದ ಯುಗಾದಿಗೆ ನಾವೇ ಕೊಟ್ಟಿದ್ದ ಗಿಣಿಹಸಿರಿನ ಜಂಪರ್ ಪೀಸೊಂದು ನಾಲ್ಕು ಮನೆ ಸುತ್ತಿ ದೀಪಾವಳಿಗೆ ನಮ್ಮ ಮನೆಗೇ ವಾಪಸು ಬಂತು. ನಮ್ಮ ಮನೆಯಲ್ಲಿ ಯಾರಾದರೂ ಸರಿಯಾಗಿ ವೀಕೆಂಡು ಸುತ್ತಿದ್ದರೆ ಅದೊಂದೇ.

ಒಂದು ರಾತ್ರಿ ಕೂತು ಊರುಗಳನ್ನು ಸೋಸಿದೆವು. ಸೇತುವೆ ದಾಟಿದರೆ ಸಿರುಗುಪ್ಪ, ಹೆಂಡತಿಯ ತವರು. ಈ ಕಡೆ ಸಿಂಧನೂರು. ನನ್ನ ಅಣ್ಣನ ಮನೆ. ಅಂಬಾಮಠಕ್ಕೆ ಹೋಗೋಣವೆಂದರೆ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ದೇವಿಗಿಂತ ಮೊದಲು ಬೀಗರ ದರ್ಶನವಾಗುತ್ತದೆ. ‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂದು ನಮ್ಮ ಕಡೆ ಗಾದೆ. ಹಂಪಿಯ ಹಾದಿಯಲ್ಲಿ ಗಂಗಾವತಿ ಇದೆ, ಅಲ್ಲಿ ನನ್ನ ದೊಡ್ಡಕ್ಕ ಇದ್ದಾಳೆ ಎಂಬುದನ್ನು ಗಾದೆ ಕಟ್ಟಿದವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ‘ಹಟ್ಟಿ ಚಿನ್ನದ ಗಣಿಯೊಳಗ ಇಳುದ್ರ ಯಾರೂ ಸಿಗಂಗಿಲ್ಲ’ ಅಂದೆ. ಕೆಳಗೆ ಶಿಫ್ಟಿನಲ್ಲಿ ನಮ್ಮ ಸಣ್ಣಪ್ಪ ಇರ್ತಾರೆ ಎಂದಳು ಹೆಂಡತಿ. ಪೂರ್ವ ಬಂಗಾಳದಿಂದ ಬಂದವರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಬೀಗರಿಲ್ಲ ಎಂದು ಮಗಳು ನೆನಪಿಸಿದಳು. ನಿಜ, ಆದರೆ ಅಲ್ಲಿ ನನ್ನ ಹಳೇ ವಿದ್ಯಾರ್ಥಿಗಳಿದ್ದಾರೆ. ಅವರ ಉಪಚಾರ ಬೀಗರದಕ್ಕಿಂತ ಒಂದು ಕೈ ಹೆಚ್ಚು.

ಮುದಗಲ್ ಕೋಟೆ ನೋಡಬೇಕೆಂಬ ಆಸೆ ನನಗೆ ಹಳೆಯದು. ಇತಿಹಾಸದ ಮೇಷ್ಟ್ರಾದ್ದರಿಂದ ಚರಿತ್ರೆಕಾರ ಫೆರಿಷ್ತಾ ಬರೆದ ಕತೆ ಹೇಳಿದೆ. ವಿಜಯನಗರದ ಒಂದನೇ ದೇವರಾಯ ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನ ಸುದ್ದಿ ಕೇಳಿ ಮನಸೋತ, ಅವಳಿಗಾಗಿ ದಂಡು ಕಳಿಸಿದ, ಹುಡುಗಿ ಸಿಗಲಿಲ್ಲ. ಬದಲಿಗೆ 1406ರಲ್ಲಿ ಬಹಮನಿಯ ಫಿರೋಜ್ ಷಾ ಯುದ್ಧಕ್ಕೆ ಬಂದ. ಸೋತ ದೇವರಾಯ ತನ್ನ ಮಗಳನ್ನೇ ಫಿರೋಜನಿಗೆ ಕೊಟ್ಟು, ಮೇಲೆ ಬಂಕಾಪುರವನ್ನೂ ಕೊಡಬೇಕಾಯಿತು. ಸೊಸೆ ತರಲು ಹೋಗಿ ಅಳಿಯನನ್ನು ತಂದುಕೊಂಡಂತಾಯಿತು. ಮದುವೆ ಮುಗಿದು ಅಳಿಯ ಹೊರಟಾಗ ಮಾವ ಬಿಡಾರದ ತನಕ ಬಂದು ಕಳಿಸಲಿಲ್ಲ, ನಡುದಾರಿಯಲ್ಲೇ ತಿರುಗಿಬಿಟ್ಟ. ಫಿರೋಜ ಅದನ್ನು ಮನಸ್ಸಿಗೆ ಹಚ್ಚಿಕೊಂಡ, ಇಬ್ಬರ ನಡುವೆ ಹಗೆ ಹಾಗೆಯೇ ಉಳಿಯಿತು.

ಪಾಠದಲ್ಲಿ ಈ ಕತೆ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅವ್ವ ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. ‘ತಪ್ಪು ಮಾವಂದ. ಬಸ್‌ಸ್ಟ್ಯಾಂಡ್ ತನಕನಾರ ಬರಬೇಕಿತ್ತು’ ಎಂದು ತೀರ್ಪು ಕೊಟ್ಟಳು. ಆಮೇಲೆ, ‘ಮುದಗಲ್ಲಿನಾಗ ನಿಮ್ಮಪ್ಪನ ಸೋದರತ್ತಿ ಮೊಮ್ಮಗಳು ಅದಾಳ’ ಅಂದಳು. ಮುದಗಲ್ಲೂ ಹೋಯಿತು.

ಉಳಿದದ್ದು ಜಲದುರ್ಗ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ಸುತ್ತುವರಿದ ನಡುಗಡ್ಡೆ, ಅದರ ಮೇಲೊಂದು ಕೋಟೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಆ ಭಾಗದ ಶೀಲಹಳ್ಳಿ ಸೇತುವೆ ಮುಳುಗಿದ ಸುದ್ದಿ ವರ್ಷವೂ ಪೇಪರಿನಲ್ಲಿ ಬರುತ್ತದೆ. ಸುತ್ತ ನೀರಿರುವ ಊರಿಗೆ ನಮ್ಮವರು ಯಾರು ಹೆಣ್ಣು ಕೊಟ್ಟಾರು? ಚಳಿಗಾಲದ ಒಂದು ಭಾನುವಾರ ಗೊತ್ತುಮಾಡಿದೆವು.

ಆದರೆ ಹಾದಿ ಒಂದೇ. ಬಳ್ಳಾರಿ ಕಡೆಯಿಂದ ಬರುವ 150ಎ ಹೆದ್ದಾರಿ ಸಿರುಗುಪ್ಪ, ದಢೇಸುಗೂರು, ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ನಮ್ಮ ಬೀಗರನ್ನು ಸಾಲಾಗಿ ಪೋಣಿಸಿಕೊಂಡೇ ಹೋಗುತ್ತದೆ. ಸಿಂಧನೂರನ್ನು ನಸುಕಿನಲ್ಲೇ ದಾಟಿದೆವು. ಮಸ್ಕಿ ಹತ್ತಿರ ಬಂದಂತೆ ಕಾರಿನ ಗಾಜು ಏರಿಸಿದೆವು. ಅಲ್ಲಿ ಹೆಂಡತಿಯ ತಂಗಿಯ ಅತ್ತೆಮನೆ. ಹೆಂಡತಿ ಬಗ್ಗಿ ಕೂತಳು. ಅವ್ವ ಮಾತ್ರ, ‘ನಾವೇನು ಕಳವು ಮಾಡೀವೇನು?’ ಎಂದು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು. ಆ ಹೊತ್ತಿಗೇ ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರು ಅಡ್ಡ ಬಂದು ಐದು ನಿಮಿಷ ನಿಲ್ಲಬೇಕಾಯಿತು.

ಮಸ್ಕಿಯಲ್ಲಿ ಮುಖ ಮುಚ್ಚಿಕೊಂಡು ಉಳಿದವರಿಲ್ಲ. ದೇಶದ ತುಂಬ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಬರೆಸಿಕೊಂಡು ಸಾವಿರಾರು ವರ್ಷ ಹೆಸರು ಮರೆಸಿಕೊಂಡಿದ್ದ ಸಾಮ್ರಾಟ ಸಿಕ್ಕಿಬಿದ್ದದ್ದು ಇಲ್ಲಿಯೇ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಶಾಸನ ಕಂಡ; ಅದರಲ್ಲಿ ‘ಅಶೋಕ’ ಎಂದು ಹೆಸರು ಹಿಡಿದೇ ಬರೆದಿತ್ತು. ನನ್ನ ಅನುಮಾನ ಏನೆಂದರೆ, ಎರಡು ಸಾವಿರ ವರ್ಷಗಳ ಹಿಂದೆಯೂ ಮಸ್ಕಿಯ ಕಟ್ಟೆಯ ಮೇಲೆ ಕೂತವನೊಬ್ಬ, ‘ದೇವಾನಾಂಪ್ರಿಯ ಅಂದ್ರ ಯಾರ ಪೈಕಿ? ಖರೇ ಹೆಸರು ಹೇಳ್ರಿ’ ಎಂದು ಜಗ್ಗಿ ಕೇಳಿರಬೇಕು. ಚಕ್ರವರ್ತಿಯನ್ನೇ ಬಿಡದ ಊರು ನಮ್ಮ ಸೆಕೆಂಡ್ ಹ್ಯಾಂಡ್ ಕಾರನ್ನು ಬಿಟ್ಟೀತೆ? ಲಿಂಗಸುಗೂರು ಮುಟ್ಟುವುದರೊಳಗೆ ಫೋನು ಬಂತು. ‘ಮನಿ ಮುಂದ ಹಾದು ಹೋದ್ರಂತಲ್ಲಾ, ನಾವೇನು ತಪ್ಪು ಮಾಡೀವಿ?’ ಹೆಂಡತಿ ಬರುವಾಗ ಬರುತ್ತೇವೆಂದು ಮಾತು ಕೊಟ್ಟಳು. ಎಮ್ಮೆಗಳ ಸಂಜೆ ಅಲ್ಲಿಗೆ ಕೆಟ್ಟಿತು.

ಜಲದುರ್ಗ ಮಾತ್ರ ನಾವು ಬಯಸಿದ್ದಂತೆಯೇ ಇತ್ತು. ಬಿದ್ದ ಕೋಟೆಗೋಡೆ, ಕೆಳಗೆ ಬಂಡೆಗಳ ನಡುವೆ ಕೃಷ್ಣೆ, ಗಾಳಿ. ‘ಎಲ್ಲಿಗೆ ಹೊಂಟೀರಿ’ ಎಂದು ಕೇಳುವವರೇ ಇಲ್ಲ. ಮಗಳು ಫೋಟೊ ಹಿಡಿದಳು. ಹೆಂಡತಿ ಷಡ್ಡಕನ ಕಾಲಿಗೆ ಉತ್ತರವಾಗಿ ನನ್ನ ಕಾಲನ್ನು ಎಲ್ಲಿ ಇಳಿಬಿಡಿಸಬಹುದೆಂದು ಹುಡುಕುತ್ತಿದ್ದಳು. ಅವ್ವ ಮಾತ್ರ ಬೇವಿನಮರದ ಕೆಳಗೆ ಬಾಡಿದ ಮುಖ ಮಾಡಿ ಕೂತಿದ್ದಳು. ‘ಇದ್ಯಾವ ಊರೋ ತಮ್ಮಾ, ಬರ್ರಿ ಅನ್ನಾಕ ಒಬ್ಬರಿಲ್ಲ’ ಅಂದಳು.

ಆಡು ಕಾಯುತ್ತಿದ್ದ ಅಜ್ಜಿಯೊಬ್ಬಳು ಹತ್ತಿರ ಬಂದಳು. ಯಾವೂರವ್ವಾ ಅಂತ ಅವಳು ಕೇಳಿದಳು, ನಿನ್ನ ತವರು ಯಾವುದವ್ವಾ ಅಂತ ಇವಳು. ‘ಮುಕ್ಕುಂದ’ ಅಂದಳು ಅಜ್ಜಿ. ಮುಕ್ಕುಂದ ನಮ್ಮ ಸಿಂಧನೂರು ತಾಲ್ಲೂಕಿನ ಊರು, ನಮ್ಮದೇ ಹೊಳೆಯ ದಂಡೆಯದು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆಯುತ್ತವೆ. ಆ ಹೊಳೆಯ ಹೆಣ್ಣನ್ನು ಈ ಹೊಳೆಗೆ ಕೊಟ್ಟಿರಬಹುದೆಂದು ನನಗೇ ಹೊಳೆದಿರಲಿಲ್ಲ. ಹತ್ತು ನಿಮಿಷದಲ್ಲಿ ಲೆಕ್ಕ ಕೂಡಿಬಿಟ್ಟಿತು: ಅವ್ವನ ಸಣ್ಣವ್ವನ ಪಕ್ಕದ ಮನೆಯವಳು ಈ ಅಜ್ಜಿಯ ಅಕ್ಕನಿಗೆ ಖಾಸಾ ಅತ್ತೆ. ‘ಅಯ್ಯ, ಮನಿಯವ್ರೇ ಬಂದು ಗಿಡದ ಕೆಳಗ ಕುಂತೀರಲ್ಲ!’ ಎಂದು ಅಜ್ಜಿ ಆಡು ಬಿಟ್ಟು ಅವ್ವನ ಕೈ ಹಿಡಿದಳು.

ಚಾ ಬಂತು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಅವ್ವನ ಮುಖ ಅರಳಿತು.

ಮೊನ್ನೆ ಅಜ್ಜಿಯ ಮೊಮ್ಮಗನ ಲಗ್ನಪತ್ರಿಕೆ ಬಂದಿದೆ, ಸಕುಟುಂಬ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದು. ಮುಯ್ಯಿಗೆಂದು ಗಿಣಿಹಸಿರಿನ ಜಂಪರ್ ಪೀಸು ತೆಗೆದಿರಿಸಿದ್ದೇವೆ. ಜಲದುರ್ಗವನ್ನು ಪಟ್ಟಿಯಿಂದ ಹೊಡೆದುಹಾಕಿದೆ. ದಢೇಸುಗೂರಿನಿಂದ ಒಂದು ದಿನದಲ್ಲಿ ಹೋಗಿ ಎಮ್ಮೆ ಹಿಂಡುವ ಹೊತ್ತಿಗೆ ಬರುವಂಥ, ಬೀಗರಿಲ್ಲದ ಊರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವ್ವನ ಮುಂದೆ ಮಾತ್ರ ಹೇಳಬೇಡಿ.